ಬಾರ್ಡರ್ ಭಾವನ ಅಂಚಿಲ್ಲದ ಗೋಡೆ

ಬಾಹ್ಯ ಮಂಡಲಕ್ಕೆ ಬೆನ್ನು ಕೊಟ್ಟು ನಿಂತದ್ದೇ ತಪ್ಪಾಯಿತು. ಬೆನ್ನಷ್ಟೇ ಆಗಿದ್ದರೆ ಅಂಗಿಯೊಂದಕ್ಕೆ ಮುಗಿಯುತ್ತಿತ್ತು. ಬೆನ್ನಿಗಿಂತ ಕೆಳಗಿನ ಭಾಗವೂ ಗೋಡೆಗೆ ಒರಗಿತ್ತು.

ವಿಜ್ಞಾನ ಕೇಂದ್ರದ ಗೈಡಿಗೆ ಐವತ್ತು ದಾಟಿದೆ. ಹೊಟ್ಟೆ ವಯಸ್ಸಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ. ಮೂರು ಮಹಡಿಯ ಮೆಟ್ಟಿಲು ಹತ್ತಿ ಕೊನೆಯ ತಿರುವಿಗೆ ಬರುವಷ್ಟರಲ್ಲಿ ಅವನಿಗೆ ಯಾವ ಗೋಡೆ ಕಂಡರೂ ಸ್ವಂತ ಮನೆಯ ದಿಂಬು ಕಂಡ ಹಾಗಾಗುತ್ತದೆ. ಒರಗಿದ. ಅದೇ ಹೊತ್ತಿಗೆ ಕೇಂದ್ರದ ನಿರ್ದೇಶಕಿ ಮೇಡಂ, ಜೊತೆಗೆ ವಿಶ್ವವಿದ್ಯಾಲಯದಿಂದ ಸಲಹೆಗಾರರಾಗಿ ಬಂದಿದ್ದ ಪ್ರೊಫೆಸರು ಮೆಟ್ಟಿಲು ಹತ್ತಿ ಬಂದರು. ಗೈಡು ಅಭ್ಯಾಸಬಲದಿಂದ ಶುರು ಹಚ್ಚಿಕೊಂಡ.

“ಇದೇ ನೋಡಿ, ವಾಯುಮಂಡಲದ ಕಟ್ಟಕಡೆಯ ಪದರ. ಬಾಹ್ಯ ಮಂಡಲ. ಇಲ್ಲಿನ ಉಷ್ಣತೆ ಸಾವಿರ ಡಿಗ್ರಿ ದಾಟುತ್ತದೆ.” ಹೀಗೆಂದು ಗೋಡೆ ತೋರಿಸಲು ತಿರುಗಿದ.

ಮೇಡಂ ಕನ್ನಡಕ ಸರಿಮಾಡಿಕೊಂಡು, “ಅದ್ರಲ್ಲಿ ಸ್ವಲ್ಪ ನಿಮ್ಮ ಪ್ಯಾಂಟಿಗೂ ಬಂದಿದೆ,” ಅಂದರು.

ಗೋಡೆಯ ಹಸಿ ಕೆಂಪಿನ ನಡುವೆ ಎರಡು ದುಂಡನೆಯ ಗುರುತುಗಳು, ಯಾವುದೋ ಗೊತ್ತಿಲ್ಲದ ಗ್ರಹದ ಎರಡು ಖಂಡಗಳ ಹಾಗೆ ಮೂಡಿದ್ದವು. ಮೇಲೆ ಸಾರುವೆಯ ಹಲಗೆಯಿಂದ ಒಂದು ದಣಿದ ಧ್ವನಿ ಬಂತು: “ಕೈ ಹಚ್ಚಬೇಡಿ ಅಂತ ಬರ್ದು ಹಾಕಿದ್ನಲ್ಲಯ್ಯಾ.”

“ಕೈ ಹಚ್ಚಿಲ್ವಲ್ಲ ಭಾವ,” ಅಂದ ಗೈಡು, ಎರಡೂ ಕೈಯನ್ನು ಹಿಂದಕ್ಕೆ ಒಯ್ದು ಮುಚ್ಚಬೇಕಾದದ್ದನ್ನು ಮುಚ್ಚಿಕೊಳ್ಳುತ್ತ. ಆಮೇಲೆ ಮೂರು ಮಹಡಿಯನ್ನೂ ಗೋಡೆಗೆ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಇಳಿದ. ಎದುರಿಗೆ ಶಾಲೆಯ ಮಕ್ಕಳ ಸಾಲು ಹತ್ತಿ ಬರುತ್ತಿತ್ತು. ಅವರೂ ಇದೇ ಪದ್ಧತಿಯಿರಬೇಕೆಂದು ತಿಳಿದು ಗೋಡೆಗೆ ಮುಖ ಮಾಡಿ ಅಡ್ಡಡ್ಡ ಹತ್ತಿದರು.

ಸಾರುವೆಯ ಮೇಲಿದ್ದವರು ಗೈಡಿನ ಅಕ್ಕನ ಗಂಡ. ಊರಿನವರಿಗೆ ಅವರು ‘ಬಾರ್ಡರ್ ಪೇಂಟರು’. ಗೈಡಿಗೆ ಬರೀ ಭಾವ.

ಈ ಅಡ್ಡಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಭಾವ ಏನೇ ಬರೆಯಲಿ, ಅದರ ಸುತ್ತ ಒಂದು ಅಂಚು ಎಳೆಯದೆ ಬ್ರಷ್ಷು ತೊಳೆದವರಲ್ಲ. ಸಿನಿಮಾ ಬ್ಯಾನರು ಬರೆಯುವ ಶೆಡ್ಡಿನಲ್ಲಿ ಎಳೆ ವಯಸ್ಸಿನಿಂದಲೇ ಬಣ್ಣ ಕಲಸಿ ಕಲಿತವರು. ಅಲ್ಲಿನ ಗುರುಗಳು ಹೇಳಿಕೊಟ್ಟದ್ದು ಒಂದೇ ಪಾಠ: “ಮುಖ ಕೆಟ್ಟರೂ ಚಿಂತೆಯಿಲ್ಲ, ಅಂಚು ಕೆಡಬಾರದು. ಅಂಚು ಹಾಕಿದ ಮೇಲೇ ಕೆಲಸ ಮುಗೀತು ಅಂತ ಅರ್ಥ.” ಭಾವ ಅದನ್ನು ಪಾಲಿಸಿದರು. ಅಂಗಡಿಯ ಬೋರ್ಡಿಗೆ ಅಂಚು, ಲಾರಿಯ ಹಿಂಬದಿಗೆ ಅಂಚು, ದವಾಖಾನೆಯ ‘ಉಗುಳಬಾರದು’ ಎಂಬ ಫಲಕಕ್ಕೆ ಬಳ್ಳಿ ಹೂವಿನ ಅಂಚು. ಫಲಕ ಎಷ್ಟು ಚೆಂದವಿತ್ತೆಂದರೆ, ನೋಡುತ್ತ ನಿಂತವರು ಮೈಮರೆತು ಅಲ್ಲೇ ಉಗುಳಿ ಹೋಗುತ್ತಿದ್ದರಂತೆ. ಮನೆಯ ನೀರಿನ ತೊಟ್ಟಿಗೂ ಎರಡೆಳೆಯ ಅಂಚಿದೆ.

ಅಕ್ಕ ಸಿಕ್ಕಿದ್ದೂ ಅಂಚಿನಿಂದಲೇ. ಆಗ ಅಕ್ಕನ ತವರುಮನೆಯ ಎದುರಿನ ಔಷಧಿ ಅಂಗಡಿಗೆ ಹೊಸ ಬೋರ್ಡು ಬರೆಯಲು ಒಬ್ಬ ಸಣಕಲು ಯುವಕ ಏಣಿ ಹಾಕಿದ. ಅಕ್ಷರ ಬೇಗ ಮುಗಿಯಿತು. ಅಂಚು ಮುಗಿಯಲೊಲ್ಲದು. ಒಂದು ಗೆರೆ ಎಳೆದ, ಅದರೊಳಗೆ ಇನ್ನೊಂದು ಎಳೆದ, ನಡುವೆ ಹೂವು ತುಂಬಿದ, ಹೂವಿನ ನಡುವೆ ಚುಕ್ಕಿ ಇಟ್ಟ. ಅಂಗಡಿಯವನು ತಲೆ ಚಚ್ಚಿಕೊಂಡು, “ಸಾಕು ಮಹಾರಾಯ, ಇನ್ನು ಸ್ವಲ್ಪ ಹೊತ್ತಿಗೆ ನನ್ನ ಅಂಗಡಿ ಹೆಸರಿಗೇ ಜಾಗ ಇರಲ್ಲ,” ಅಂದ. ಏಣಿಯ ಮೇಲಿನವನ ಕಣ್ಣು ಬೋರ್ಡಿನ ಮೇಲೆ ಇರಲಿಲ್ಲವೆಂಬುದು ಬೀದಿಗೆಲ್ಲ ಗೊತ್ತಾಗಿತ್ತು. ಅಪ್ಪ ಮಾತ್ರ, “ಒಂದು ಬೋರ್ಡಿಗೆ ಇಷ್ಟು ಕಾಲ ತಗೊಂಡೋನು ಸಂಸಾರ ಯಾವಾಗ ಶುರು ಮಾಡ್ತಾನೋ,” ಎಂದು ಗೊಣಗಿ ಮದುವೆಗೆ ಒಪ್ಪಿಕೊಂಡ.

ಆಮೇಲೆ ಫ್ಲೆಕ್ಸ್ ಬಂತು. ಕಂಪ್ಯೂಟರಿನಲ್ಲಿ ಒತ್ತಿದರೆ ಇತ್ತ ಕಡೆಯಿಂದ ಬೋರ್ಡು ಹಾಸಿಗೆಯ ಹಾಗೆ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಶೆಡ್ಡು ಮುಚ್ಚಿತು. ಜೊತೆಯಲ್ಲಿದ್ದವರು ದಿಕ್ಕಿಗೊಬ್ಬರಾದರು, ಒಬ್ಬ ಕಾವಲುಗಾರನಾದ, ಒಬ್ಬ ಹಣ್ಣಿನ ಗಾಡಿ ಇಟ್ಟ, ಇನ್ನೊಬ್ಬ ಎಲ್ಲಿ ಹೋದನೋ ತಿಳಿಯಲಿಲ್ಲ. ಭಾವ ಗೇಟಿಗೆ ಬಣ್ಣ ಹೊಡೆದರು, ಮನೆ ನಂಬರು ಬರೆದರು. ಮೇಲೆತ್ತಿ ಮೇಲೆತ್ತಿ ಬಲಗೈಯ ಭುಜ ಸವೆದು ಹೋಯಿತು. ಅಂಗಿ ತೊಡುವಾಗ ಅಕ್ಕ ತೋಳು ಹಿಡಿದುಕೊಳ್ಳಬೇಕಾಯಿತು. ವೈದ್ಯರು ಕೈ ತಲೆಗಿಂತ ಮೇಲೆ ಎತ್ತಬೇಡಿ ಅಂದರು. ಅಕ್ಕ ಆ ಮಾತಿಗೆ ತನ್ನದೊಂದು ಸೇರಿಸಿದಳು: “ನೀವೂ ಮೇಲೆ ಹತ್ತಬೇಡಿ.”

ಭಾವ ಹತ್ತಲಿಲ್ಲ. ತಮ್ಮ ಹತ್ತಿಸಿದ.

ಕೇಂದ್ರದ ಮೆಟ್ಟಿಲಿನ ಪಕ್ಕದ ಎತ್ತರದ ಗೋಡೆಯ ಮೇಲೆ ವಾಯುಮಂಡಲದ ಪದರಗಳನ್ನು ಬರೆಸಬೇಕೆಂದು ತೀರ್ಮಾನವಾದಾಗ, “ನಮ್ಮ ಭಾವ ಇದ್ದಾರೆ,” ಎಂದು ಬಾಯಿ ಹಾಕಿದವನು ಗೈಡೇ. ಭಾವ ಹಗಲೆಲ್ಲ ಕಿಟಕಿಯ ಪಕ್ಕ ಕೂತು, ಒಣಗಿದ ಬ್ರಷ್ಷಿನ ಕೂದಲನ್ನು ಬೆರಳಲ್ಲಿ ಸವರುತ್ತ ಇರುವುದನ್ನು ನೋಡಲಾಗದೆ ಹೇಳಿದ್ದ. ಭಾವ ಕೇಳಿದ್ದು ಒಂದೇ: “ದೊಡ್ಡ ಗೋಡೆನಾ?” ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ಒಂದು ಕಳೆ ಬಂತು. “ಇದೊಂದು ಗೋಡೆ. ಇದಕ್ಕೆ ಸರಿಯಾಗಿ ಅಂಚು ಹಾಕಿ ಇಳಿದ್ರೆ ಆಮೇಲೆ ಬ್ರಷ್ಷು ಮುಟ್ಟಲ್ಲ,” ಎಂದು ಅಕ್ಕನಿಗೆ ಮಾತು ಕೊಟ್ಟರು. ಅಕ್ಕ ತಮ್ಮನ ಕಡೆ ತಿರುಗಿ, “ಅವರ ಭುಜಕ್ಕೆ ಏನಾದ್ರೂ ಆದ್ರೆ ನಿನ್ನ ಭುಜ ಕಿತ್ತು ಕೊಡಿಸ್ತೀನಿ ಕಣೋ,” ಅಂದಳು.

ಕೆಳಗಿನ ಪದರಗಳೆಲ್ಲ ಸಲೀಸಾಗಿ ಮುಗಿದವು. ನೆಲದ ಹತ್ತಿರ ಮೋಡ, ಹಕ್ಕಿ, ವಿಮಾನ. ಅದರ ಮೇಲೆ ಓಜೋನು. ಅದರ ಮೇಲೆ ಉರಿದು ಬೀಳುವ ಉಲ್ಕೆ. ಇನ್ನೂ ಮೇಲೆ ಧ್ರುವದ ಕಡೆ ಕಾಣುವ ಬೆಳಕಿನ ಪರದೆ. ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಬಣ್ಣದ ಪಟ್ಟಿ: ನೀಲಿ ಎಂದರೆ ತಂಪು, ಕೆಂಪು ಎಂದರೆ ಬಿಸಿ. ಅದೇ ಲೆಕ್ಕದಲ್ಲಿ ಗೋಡೆ ಕೆಳಗಿನಿಂದ ಮೇಲಕ್ಕೆ ಬಣ್ಣ ಬದಲಿಸುತ್ತ ಹೋಗಿತ್ತು. ಕೊನೆಯ ಪದರಕ್ಕೆ ಕೆಂಪು ಬಂತು. ಅದಕ್ಕೆ ಗೈಡು ಒರಗಿದ. ಅಲ್ಲಿಂದ ಶುರುವಾಯಿತು ತಾಪತ್ರಯ.

ಪ್ರೊಫೆಸರು ಪ್ಯಾಂಟಿನ ಕಲೆಯನ್ನು ಬೇಗ ಮರೆತರು, ಗೋಡೆಯನ್ನು ಮರೆಯಲಿಲ್ಲ. “ಅಲ್ಲ, ಇದು ಕೆಂಪು ಹೇಗಾಗುತ್ತೆ? ಮಕ್ಕಳು ಇದನ್ನ ಕುಲುಮೆ ಅಂದ್ಕೋತಾರೆ. ಅಲ್ಲಿ ನೆರಳಲ್ಲಿ ಥರ್ಮಾಮೀಟರ್ ಹಿಡಿದ್ರೆ ಸೊನ್ನೆಗಿಂತ ಎಷ್ಟೋ ಕೆಳಗೆ ತೋರ್ಸುತ್ತೆ. ನೀಲಿ ಹಚ್ಚಿಸಿ.”

ಭಾವ ಸಾರುವೆ ಹತ್ತಿದರು. ಕೆಂಪಿನ ಮೇಲೆ ನೀಲಿ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಎಷ್ಟು ಬಳಿದರೂ ಕೆಂಪು ಒಳಗಿನಿಂದ ಇಣುಕುತ್ತದೆ. ಮೊದಲು ಪ್ರೈಮರು ಬಳಿದು, ಒಣಗಿಸಿ, ಆಮೇಲೆ ನೀಲಿ. ತೋಳು ನೋವಿಗೆ ಹಲ್ಲು ಕಚ್ಚಿ ಮುಗಿಸಿದರು.

ಮೇಡಂ ಬಂದರು. “ಯಾಕ್ರೀ ನೀಲಿ? ಕೆಳಗೆ ಪಟ್ಟಿಯಲ್ಲಿ ಉಷ್ಣತೆಗೆ ತಕ್ಕ ಬಣ್ಣ ಅಂತ ಬರೆದಿದೆ. ಉಷ್ಣತೆ ಸಾವಿರ ದಾಟುತ್ತೆ ಅಂತ ನಿಮ್ಮ ಗೈಡೇ ದಿನಾ ಕೂಗ್ತಾರೆ. ಬಂದವರು ಕೇಳಿದ್ರೆ ನಾನೇನು ಹೇಳ್ಲಿ? ಕೆಂಪೇ ಇರ್ಲಿ.”

ಭಾವ ಹತ್ತಿದರು. ಕೆಂಪು.

ಪ್ರೊಫೆಸರು ಫೋನಿನಲ್ಲೇ ನಿಟ್ಟುಸಿರು ಬಿಟ್ಟು, ಹಾಗಾದರೆ ನೇರಳೆ ಮಾಡಿ, ಇಬ್ಬರಿಗೂ ಬೇಡ ಅಂದರು. ಭಾವ ಹತ್ತಿದರು. ನೇರಳೆ ಒಣಗುವ ಮೊದಲೇ ಮೇಡಂ ಅದನ್ನು ನೋಡಿ, “ಪಟ್ಟಿಯಲ್ಲಿ ನೇರಳೆ ಅನ್ನೋದೇ ಇಲ್ವಲ್ಲ!” ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ನೊಗ ಹೊತ್ತದ್ದು ಭಾವನ ಭುಜ. ಬಣ್ಣದ ಮೇಲೆ ಬಣ್ಣ ಕೂತು ಕೂತು ಆ ಗೋಡೆಯ ಚರ್ಮ ದಪ್ಪಗಾಗಿತ್ತು. ವಾಯುಮಂಡಲದ ಅತಿ ತೆಳುವಾದ ಪದರ ನಮ್ಮ ಕೇಂದ್ರದಲ್ಲಿ ಮಾತ್ರ ಅತಿ ದಪ್ಪವಾಗಿದೆ ಎಂದು ಗೈಡು ಒಂದು ಜೋಕು ಕಟ್ಟಿಕೊಂಡ. ಹೇಳಲು ಧೈರ್ಯ ಬರಲಿಲ್ಲ.

ಮತ್ತೆ ಬಂದ ದಿನ ಪ್ರೊಫೆಸರು ಮೆಟ್ಟಿಲ ಮೇಲೆ ಭಾವನ ಪಕ್ಕದಲ್ಲೇ ಕೂತು ಚಹಾ ಕುಡಿದರು. ಅವರೂ ಪಾಪ ಕೆಟ್ಟವರಲ್ಲ. ಅವರಿಗೂ ಮಂಡಿ ನೋವು.

“ನೋಡಿ ಪೇಂಟ್ರೇ,” ಅಂದರು. “ಕಬ್ಬಿಣ ಉಜ್ಜೋವಾಗ ಕಿಡಿ ಹಾರುತ್ತಲ್ಲ, ಅದು ಕೈ ಮೇಲೆ ಬಿದ್ರೆ ಏನಾಗುತ್ತೆ?”

“ಚುರುಕ್ ಅನ್ನುತ್ತೆ.”

“ಅಷ್ಟೇನಾ? ಒಂದು ಕೊಡ ಬಿಸಿನೀರು ಬಿದ್ರೆ?”

“ಆಸ್ಪತ್ರೆ.”

“ಹಾಂ. ಕಿಡಿ ನೀರಿಗಿಂತ ಎಷ್ಟೋ ಪಾಲು ಬಿಸಿ. ಆದರೆ ಅದರಲ್ಲಿ ಸರಕಿಲ್ಲ. ಬಾಹ್ಯ ಮಂಡಲ ಅಂದ್ರೆ ಹಾಗೆ. ಒಂದೊಂದು ಕಣವೂ ಹುಚ್ಚು ಓಟ ಓಡ್ತಿರುತ್ತೆ, ಆ ಓಟಕ್ಕೇ ನಾವು ಉಷ್ಣತೆ ಅನ್ನೋದು. ಆದರೆ ಇಲ್ಲೊಂದು, ಅಲ್ಲೊಂದು. ಮೈಗೆ ಶಾಖ ತಾಗಿಸೋಷ್ಟು ಜನ ಇಲ್ಲ ಅಲ್ಲಿ. ಬಿಸಿಲು ಬಿದ್ದ ಮಗ್ಗುಲು ಸುಡುತ್ತೆ, ನೆರಳಿನ ಮಗ್ಗುಲು ಹೆಪ್ಪುಗಟ್ಟುತ್ತೆ. ಗಾಳಿ ಮಾತ್ರ ಬಿಸಿನೂ ಕೊಡಲ್ಲ, ತಂಪೂ ಕೊಡಲ್ಲ.”

ಭಾವ ಚಹಾದ ಲೋಟ ಕೆಳಗಿಟ್ಟರು. “ಅವು ಒಂದಕ್ಕೊಂದು ಡಿಕ್ಕಿ ಹೊಡೆಯಲ್ವಾ?”

“ಇಲ್ಲ. ಎಷ್ಟು ದೂರ ಹೋದರೂ ಒಂದಕ್ಕೊಂದು ಸಿಗೋದೇ ಅಪರೂಪ.”

“ನಮ್ಮ ಶೆಡ್ಡಿನವರ ಥರ,” ಅಂದರು ಭಾವ. ಸೂರಿನ ಕಡೆ ಕತ್ತೆತ್ತಿ ಕೇಳಿದರು: “ಬಣ್ಣ ಯಾವುದಾದ್ರೂ ಆಗ್ಲಿ ಸಾರ್. ಮೇಲುಗಡೆ ಅಂಚು ಎಲ್ಲಿಗೆ ಹಾಕ್ಲಿ? ಸೂರಿನಿಂದ ಒಂದು ಗೇಣು ಬಿಟ್ಟು ಹಾಕ್ಲಾ?”

ಪ್ರೊಫೆಸರು ನಕ್ಕರು. “ಅಂಚು ಹಾಕೋ ಹಾಗಿಲ್ಲ. ಅದಕ್ಕೆ ಅಂಚೇ ಇಲ್ಲ. ತೆಳ್ಳಗಾಗ್ತಾ ತೆಳ್ಳಗಾಗ್ತಾ ಹೋಗುತ್ತೆ ಅಷ್ಟೆ. ಎಲ್ಲಿ ಮುಗೀತು ಅಂತ ಬೊಟ್ಟು ಮಾಡೋಕಾಗಲ್ಲ.”

ಕೆಂಪು, ನೀಲಿ, ನೇರಳೆ ಎಲ್ಲವನ್ನೂ ತುಟಿ ಬಿಚ್ಚದೆ ನುಂಗಿಕೊಂಡಿದ್ದ ಭಾವನ ಮುಖ ಆಗ ಬಾಡಿದ್ದನ್ನು ಗೈಡು ನೋಡಿದ. ಬದುಕಿನ ಕೊನೆಯ ಗೋಡೆ. ಅದಕ್ಕೇ ಅಂಚಿಲ್ಲ. ಅಂಚಿಲ್ಲದ ಮೇಲೆ ಕೆಲಸ ಮುಗಿಯಿತೆಂದು ಯಾರಿಗೆ ಹೇಳುವುದು, ಯಾವಾಗ ಇಳಿಯುವುದು?

ಇಷ್ಟರಲ್ಲಿ ಮೇಡಂಗೂ ಸಾಕಾಗಿತ್ತು. ಉದ್ಘಾಟನೆ ಹತ್ತಿರ ಬರುತ್ತಿತ್ತು. ಕೇಂದ್ರದ ಅಧ್ಯಕ್ಷರೇ ಬರುವವರಿದ್ದರು. “ನನಗೂ ಮನಸ್ಸಿಲ್ಲ ಕಣ್ರೀ,” ಎಂದರು ಗೈಡಿಗೆ. “ಆದರೆ ಗೋಡೆ ಒಂದು ಕಡೆ ನಿಲ್ತಿಲ್ಲ. ಪೂರ್ತಿ ಗೋಡೆಗೆ ಫ್ಲೆಕ್ಸ್ ಹೊಡೆಸಿಬಿಡ್ತೀನಿ. ಚಿತ್ರ ರೆಡಿ ಸಿಗುತ್ತೆ. ಬಣ್ಣ ಯಾಕೆ ಹೀಗೆ ಅಂತ ಯಾರಾದ್ರೂ ಕೇಳಿದ್ರೆ, ಹಾಗೇ ಬಂತು ಅನ್ನಬಹುದು.”

“ಪೂರ್ತಿ ಗೋಡೆಗಾ ಮೇಡಂ? ಕೆಳಗಿನ ಮೋಡ, ಹಕ್ಕಿ?”

“ಅರ್ಧ ಬಟ್ಟೆ, ಅರ್ಧ ಬಣ್ಣ ಚೆನ್ನಾಗಿರುತ್ತೇನ್ರೀ?”

ಮಾರನೆಯ ದಿನ ಫ್ಲೆಕ್ಸಿನವನು ಅಳತೆಗೆ ಬಂದ. ಒಬ್ಬನೇ ಬಂದಿದ್ದ, ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಭಾವ ಸುಮ್ಮನೆ ಎದ್ದು ಹೋಗಿ ಹಿಡಿದರು. ಮೇಲಿನಿಂದ ಕೆಳಗಿನವರೆಗೆ, ತಾವೇ ಬರೆದ ಒಂದೊಂದು ಮಂಡಲದ ಮೇಲೂ ಟೇಪು ಇಳಿಯುತ್ತ ಹೋದಾಗ ಅದು ಸಡಿಲವಾಗದಂತೆ ನೋಡಿಕೊಂಡರು. “ಇಲ್ಲಿ ಗೋಡೆ ಸ್ವಲ್ಪ ಉಬ್ಬಿದೆ. ಒಂದು ಬೆರಳು ಜಾಸ್ತಿ ಇಟ್ಕೊ,” ಎಂದು ಬುದ್ಧಿಯನ್ನೂ ಹೇಳಿದರು. ಮನುಷ್ಯನೊಬ್ಬ ತನ್ನ ಹೊದಿಕೆಗೆ ತಾನೇ ಅಳತೆ ಕೊಡುವುದನ್ನು ಗೈಡು ಈ ಮೊದಲು ಕಂಡಿರಲಿಲ್ಲ.

ಮೇಡಂ ಹತ್ತಿರ ಹೋಗಿ ಕೈ ಮುಗಿದ. ಮೇಡಂ ಕಿಟಕಿಯ ಆಚೆ ನೋಡುತ್ತ, “ಉದ್ಘಾಟನೆ ಹಿಂದಿನ ದಿನ ನಾನೂ ಪ್ರೊಫೆಸರೂ ಬರ್ತೀವಿ. ಇಬ್ರೂ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಅವತ್ತೇ ಫ್ಲೆಕ್ಸ್ ಏರುತ್ತೆ,” ಅಂದರು. ಇವರಿಬ್ಬರೂ ಒಂದು ಮಾತಿಗೆ ಒಪ್ಪುವುದೆಂದರೆ ನೀಲಿಯೂ ಕೆಂಪೂ ಒಂದೇ ಆಗುವ ಕೆಲಸ. ಗೈಡು ಕುಗ್ಗಿಹೋದ.

ಅವತ್ತು ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಹಿಡಿದು ಬಂದಳು. ಗಂಡ ಸಾರುವೆಯ ತುತ್ತತುದಿಯಲ್ಲಿ, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಬಳಿಯುತ್ತಿರುವುದನ್ನು ಕಂಡಳು. ಬಲಗೈ ತಾನಾಗಿ ಏಳುವುದನ್ನು ಬಿಟ್ಟು ಎಷ್ಟು ದಿನವಾಗಿತ್ತೋ, ಭಾವ ಯಾರಿಗೂ ಹೇಳಿರಲಿಲ್ಲ.

“ಇಳೀರಿ.”

“ಇದೊಂದು ಕೈ ಮುಗ್ಸಿ—”

“ಯಾವ ಕೈ? ಎತ್ತೋ ಕೈನಾ, ಎತ್ತಿಸ್ಕೊಳ್ಳೋ ಕೈನಾ? ಇಳೀರಿ ಅಂದೆ.” ಮೆಟ್ಟಿಲುಗಳ ನಡುವಿನ ಬಾವಿಯಂಥ ಜಾಗದಲ್ಲಿ ಅವಳ ಮಾತು ಮೂರು ಮಹಡಿಗೂ ಕೇಳಿಸಿತು. “ಅಲ್ರೀ, ಯಾರೂ ಹೋಗದ ಜಾಗ, ಯಾರೂ ನೋಡದ ಜಾಗ. ಅಲ್ಲಿ ಬಿಸಿಯಾದ್ರೆ ನಿಮಗೇನು, ತಂಪಾದ್ರೆ ನಿಮಗೇನು? ಮನೇಲಿ ನೀರು ಕಾದಿದ್ಯೋ ಇಲ್ವೋ ಅಂತ ಒಂದಿನ ಕೇಳಿದೋರಲ್ಲ!”

ಭಾವ ಇಳಿದರು. ಇಳಿದವರೇ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅಕ್ಕ ಡಬ್ಬಿ ಬಿಚ್ಚಿ ಕೊಟ್ಟಳು. ಅವರು ಎಡಗೈಯಲ್ಲಿ ಉಣ್ಣಲು ಹೊರಟದ್ದನ್ನು ನೋಡಿ ತಾನೇ ಕಲಸಿ ತುತ್ತು ಕೊಟ್ಟಳು. ಗೈಡು ಮುಖ ಪಕ್ಕಕ್ಕೆ ತಿರುಗಿಸಿ ಉಲ್ಕೆಗಳನ್ನು ಎಣಿಸಿದ.

“ಫ್ಲೆಕ್ಸ್ ಹಾಕ್ತಾರಂತೆ,” ಅಂದರು ಭಾವ, ಉಂಡು ಮುಗಿಸಿ.

“ಹಾಕ್ಲಿ ಬಿಡಿ.”

“ಕೆಳಗಿಂದ ಹಿಡಿದು ಎಲ್ಲದಕ್ಕೂ ಅಂತೆ. ಹಕ್ಕಿಗಳಿಗೂ.”

ಅಕ್ಕ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ನಿಲ್ಲಿಸಿದಳು. ಕೆಳಗೆ ಹಕ್ಕಿಗಳ ಸಾಲಿನಲ್ಲಿ ಒಂದು ಹಕ್ಕಿ ಬೇರೆಯವಕ್ಕಿಂತ ಸ್ವಲ್ಪ ಹಿಂದೆ, ಕತ್ತು ತಿರುಗಿಸಿ ನೋಡುತ್ತ ಹಾರುತ್ತಿತ್ತು. ಔಷಧಿ ಅಂಗಡಿಯ ಬೋರ್ಡಿನ ಅಂಚಿನಲ್ಲೂ ಅಂಥದೇ ಒಂದು ಹಕ್ಕಿಯಿತ್ತು. ಅದನ್ನು ಅವಳು ಮೊದಲ ದಿನವೇ ಗುರುತಿಸಿದ್ದಳೆಂದು ಕಾಣುತ್ತದೆ. ಡಬ್ಬಿಯ ಮುಚ್ಚಳ ಒತ್ತಿ, “ಇನ್ನೇನು ಬಾಕಿ ಇದೆ?” ಅಂದಳು.

“ಒಂದು ಕೈ ಕಪ್ಪುನೀಲಿ. ಆಮೇಲೆ ಏನೋ ಒಂದು ಯೋಚನೆ ಇದೆ. ಅದಕ್ಕೆ ಭುಜ ಬೇಡ, ಮಣಿಕಟ್ಟು ಸಾಕು.”

“ಕಪ್ಪುನೀಲಿ ಇವನು ಹೊಡೀತಾನೆ.”

“ನಾನಾ?” ಅಂದ ಗೈಡು. “ಅಕ್ಕಾ, ನನಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ. ಕುರ್ಚಿ ಮೇಲೆ ನಿಂತು ಬಲ್ಬ್ ಹಾಕೋಕೂ ನಾನು—”

“ಅವರನ್ನ ಹತ್ತಿಸೋವಾಗ ತಿರುಗ್ಲಿಲ್ವಾ ತಲೆ?”

ಗೈಡು ಹತ್ತಿದ. ಉದ್ದನೆಯ ಕೋಲಿನ ತುದಿಗೆ ರೋಲರು ಸಿಕ್ಕಿಸಿ ಕೊಟ್ಟಿದ್ದರು. ಕೆಳಗೆ ಅಕ್ಕ ಸಾರುವೆಯ ಕಾಲು ಹಿಡಿದು ನಿಂತಿದ್ದಳು. ಗೈಡು ಕಣ್ಣು ಮುಚ್ಚಿಕೊಂಡು ಬಾಹ್ಯ ಮಂಡಲಕ್ಕೆ ಬಣ್ಣ ಹೊಡೆದ. “ಎಡಗಡೆ ಬಿಟ್ಟೋಯ್ತು ಕಣೋ,” ಅಂದಳು ಅಕ್ಕ. “ಅಲ್ಲೇ ಎಷ್ಟು ಸಲ ಉಜ್ತೀಯ, ಗೋಡೆ ತೂತಾಗುತ್ತೆ.” “ಕಣ್ಣು ಬಿಡೋ, ಬಿಟ್ರೆ ಏನೂ ಕಡಿಯಲ್ಲ.” ಭಾವ ಕೆಳಗೆ ಮೆಟ್ಟಿಲ ಮೇಲೆ ಕೂತು ಬಲಭುಜ ನೀವಿಕೊಳ್ಳುತ್ತಿದ್ದರು. ಬಣ್ಣ ಅಲ್ಲಲ್ಲಿ ಗೆರೆ ಗೆರೆಯಾಗಿ ಬಂದಿತ್ತು. ಶೆಡ್ಡಿನ ಗುರುಗಳಿದ್ದಿದ್ದರೆ ಕೋಲು ಮುರಿಯುವಂತೆ ಬಾರಿಸುತ್ತಿದ್ದರೇನೋ. ಭಾವ ನೋಡಿ, “ಇರ್ಲಿ,” ಅಂದರು. ಆ ಒಂದು ‘ಇರ್ಲಿ’ಯಲ್ಲಿ ಎಷ್ಟು ದಣಿವಿತ್ತೆಂದರೆ ಗೈಡಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಬಣ್ಣ ಒಣಗಿದ ಮೇಲೆ ಭಾವ ಎದ್ದರು. ಮೇಲಿನ ತಿರುವಿನಲ್ಲೇ ನಿಂತಿದ್ದ ಸಾರುವೆಯ ಕೆಳಗಿನ ಹಲಗೆಯ ಮೇಲೆ ಕೂರಲು ಅಕ್ಕನ ಮುಖ ನೋಡಿದರು. ಅದು ಕುರ್ಚಿಯಷ್ಟೇ ಎತ್ತರ. ಅಕ್ಕ ಅಳೆಯುವವಳ ಹಾಗೆ ನೋಡಿ, “ಅಲ್ಲಿವರೆಗೆ ಸರಿ,” ಅಂದಳು. ಭಾವ ಮೂಲೆಯಿಂದ ಕೂದಲು ಸವೆದ, ಬಿರುಸಾದ ಒಂದು ಹಳೆಯ ಬ್ರಷ್ಷು ತೆಗೆದರು. ಕಡುಗೆಂಪು ಬಣ್ಣಕ್ಕೆ ಟರ್ಪಂಟೈನು ಬೆರೆಸಿ, ಬ್ರಷ್ಷು ಅದ್ದಿ, ಎಡಗೈಯಲ್ಲಿ ಹಿಡಿದ ಕೋಲಿಗೆ ಅದನ್ನು ಮಣಿಕಟ್ಟಿನಿಂದ ಟಕ್ಕೆಂದು ಹೊಡೆದರು. ಕೆಂಪು ಚುಕ್ಕಿಗಳು ಚಿಮ್ಮಿ ಗೋಡೆಗೆ ಹತ್ತಿದವು.

“ಸಿನಿಮಾ ಬ್ಯಾನರಿನಲ್ಲಿ ರಾತ್ರಿ ಆಕಾಶ ಹೀಗೇ ಮಾಡ್ತಿದ್ದಿದ್ದು,” ಅಂದರು. “ಒಂದೊಂದೇ ನಕ್ಷತ್ರ ಬರೀತಾ ಕೂತ್ರೆ ಟಾಕೀಸಿಂದ ಸಿನಿಮಾನೇ ಎತ್ತಿಬಿಡ್ತಿದ್ರು.”

ಟಕ್. ಟಕ್. ಕೈಗೆ ಬಲ ಎಷ್ಟಿತ್ತೋ ಚುಕ್ಕಿ ಅಷ್ಟೇ ಎತ್ತರ ಹಾರುತ್ತಿತ್ತು. ಆ ಕೈಯಲ್ಲಿ ಬಲ ಹೆಚ್ಚೇನೂ ಉಳಿದಿರಲಿಲ್ಲ. ಹಾಗಾಗಿ ಕೆಳಗೆ ಚುಕ್ಕಿಗಳು ಒಂದಿಷ್ಟು ಕೂಡಿಕೊಂಡು ಬಿದ್ದವು. ಮೇಲೆ ಹೋಗುತ್ತ ವಿರಳವಾದವು. ಇನ್ನೂ ಮೇಲೆ ಇಲ್ಲೊಂದು, ಅಲ್ಲೊಂದು. ಕೆಲವು ಅರ್ಧ ದಾರಿ ಹೋಗಿ ಸುಸ್ತಾಗಿ ಮರಳಿ ಬಿದ್ದವು, ಬಹುಪಾಲು ಗೈಡಿನ ಬೋಳುತಲೆಯ ಮೇಲೆ. ಎಲ್ಲೋ ಒಂದೆರಡು ಗೋಡೆಯನ್ನೂ ದಾಟಿ ಬಿಳಿಯ ಸೂರಿಗೆ ಹೋಗಿ ಅಂಟಿಕೊಂಡವು.

“ಅಯ್ಯೋ, ಸೂರು ಹಾಳಾಯ್ತು,” ಅಂದಳು ಅಕ್ಕ.

ಭಾವ ಮೇಲೆ ನೋಡಿದರು. ಒರೆಸಬೇಕೆಂದರೆ ಹತ್ತಬೇಕು. ಬ್ರಷ್ಷನ್ನು ಡಬ್ಬಿಯಲ್ಲಿಟ್ಟು ಸಾರುವೆಯ ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಉದ್ಘಾಟನೆಯ ಹಿಂದಿನ ದಿನ ಮೇಡಂ ಬಂದರು. ಫ್ಲೆಕ್ಸಿನ ಸುರುಳಿ ಆಗಲೇ ಬಂದು ಬಾಗಿಲ ಹಿಂದೆ, ಸರದಿಗೆ ಕಾದ ರೋಗಿಯ ಹಾಗೆ ಗೋಡೆಗೊರಗಿ ನಿಂತಿತ್ತು. ಮೇಡಂ ಬಣ್ಣದ ಪಟ್ಟಿಯ ಪಕ್ಕದಲ್ಲೇ ನಿಂತು ಕತ್ತೆತ್ತಿದರು. ಕೆಳಗಿನಿಂದ ನೋಡಿದರೆ ಮೇಲಿನದೆಲ್ಲ ಬರೀ ಕತ್ತಲು, ಚಳಿ ಹುಟ್ಟಿಸುವ ಕಪ್ಪುನೀಲಿ.

“ಕೊನೆಗೂ ಪ್ರೊಫೆಸರ ಮಾತೇ ನಡೆಸಿಬಿಟ್ರಾ?” ಅಂದರು.

ಮೂರನೆಯ ಮಹಡಿಯಿಂದ ಪ್ರೊಫೆಸರ ದನಿ ಕೇಳಿಸಿತು. ಅವರು ಮೊದಲೇ ಬಂದು, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತಿದ್ದರು. “ಇಲ್ಲ ಮೇಡಂ, ನಿಮ್ಮ ಮಾತೇ ನಡೆದಿದೆ. ಇಲ್ಲಿ ಎಲ್ಲಾ ಕೆಂಪು.”

ಮೇಡಂ ಮೆಟ್ಟಿಲು ಹತ್ತಿದರು. ಹತ್ತುತ್ತ ಹತ್ತುತ್ತ ಕತ್ತಲಿನೊಳಗಿಂದ ಚುಕ್ಕಿಗಳು ಒಂದೊಂದೇ ಹೊರಬಂದವು, ಒಂದೊಂದೂ ಕೆಂಡದಂತೆ. ಹತ್ತಿರ ಹೋದರೆ ಬಿಸಿ, ದೂರ ನಿಂತರೆ ತಂಪು. ಮೇಡಂ ಅರ್ಧ ಇಳಿದರು, ಮತ್ತೆ ಹತ್ತಿದರು. ಗೈಡು ಉಸಿರು ಬಿಗಿಹಿಡಿದು ನಿಂತಿದ್ದ. ಈ ಬಾರಿ ಎಲ್ಲಿಗೂ ಒರಗಿರಲಿಲ್ಲ.

“ಸೂರಿನ ಮೇಲೂ ಬಿದ್ದಿದ್ಯಲ್ಲ,” ಅಂದರು ಮೇಡಂ ಕೊನೆಗೆ.

“ಬಿಡಿ, ಇರ್ಲಿ,” ಅಂದರು ಪ್ರೊಫೆಸರು. “ಅಲ್ಲಿ ಕಣಗಳು ಎಸೆದ ಕಲ್ಲಿನ ಹಾಗೆ ಮೇಲೆ ಹೋಗಿ ಮತ್ತೆ ಬೀಳ್ತವೆ. ಕೆಲವು ಬೀಳೋದೇ ಇಲ್ಲ. ಭೂಮಿ ಬಿಟ್ಟು ಹೊರಟೇ ಹೋಗ್ತವೆ. ನಾನು ಹೇಳಿದ್ದನ್ನೇ ಪೇಂಟ್ರು ಮಾಡಿದ್ದಾರೆ.” ತಾವು ಅದನ್ನು ಯಾವಾಗ ಹೇಳಿದೆವೆಂದು ಅವರಿಗೂ ನೆನಪಿರಲಿಕ್ಕಿಲ್ಲ. ಭಾವ ಮಾತ್ರ ಹೌದೆಂಬಂತೆ ತಲೆಯಾಡಿಸಿದರು. ವಾದಿಸುವ ಶಕ್ತಿ ಅವರ ಹತ್ತಿರವಿರಲಿಲ್ಲ.

“ನನ್ನದೇನೂ ಇಲ್ಲ. ನಾಳೆ ಅಧ್ಯಕ್ಷರು ನೋಡ್ಲಿ,” ಅಂದರು ಮೇಡಂ. “ಅವರು ಬೇಡ ಅಂದ್ರೆ ಸುರುಳಿ ಇದ್ದೇ ಇದೆ.”

ಮರುದಿನ ಅಧ್ಯಕ್ಷರು ಬಂದರು. ಗೈಡು ಮುಂದೆ ನಿಂತು ವಿವರಿಸುತ್ತ ಹೋದ. ಅವನ ಹಿಂದೆ ಮೇಡಂ, ಪ್ರೊಫೆಸರು. ಎಲ್ಲರ ಹಿಂದೆ ಭಾವ. ಭಾವನ ತೋಳು ಹಿಡಿದು ಅಕ್ಕ. ಅಧ್ಯಕ್ಷರು ಮೋಡ ನೋಡಿದರು, ಹಕ್ಕಿ ನೋಡಿ, “ಅದ್ಯಾಕೆ ಒಂದು ಹಿಂದೆ ತಿರುಗಿದೆ?” ಎಂದು ನಕ್ಕರು. ಅಕ್ಕ ನೆಲ ನೋಡಿದಳು. ಮೇಲಿನ ತಿರುವಿಗೆ ಬರುವಷ್ಟರಲ್ಲಿ ಅಧ್ಯಕ್ಷರಿಗೂ ಏದುಸಿರು ಬಂದಿತ್ತು. ಗೋಡೆಗೆ ಒಂದು ಕೈ ಊರಿ, ಚುಕ್ಕಿಗಳನ್ನು ಬಹಳ ಹೊತ್ತು ನೋಡಿದರು. ಮೇಡಂ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದರು.

“ಚೆನ್ನಾಗಿದೆ,” ಅಂದರು ಅಧ್ಯಕ್ಷರು. “ಇದು ಹೀಗೇ ಇರ್ಲಿ. ಯಾರೂ ಮುಟ್ಟಬೇಡಿ.”

ಗೈಡು ಹಿಡಿದಿದ್ದ ಉಸಿರು ಬಿಟ್ಟ. ಅಂಗಿಯ ಒಂದು ಗುಂಡಿಯೂ ಅದರೊಂದಿಗೆ ಹೋಯಿತು. ಭಾವನ ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಬೇಗ ಮುಗಿದರೆ ಕೂರಬಹುದಿತ್ತು ಎಂಬಷ್ಟೇ ಕಂಡಿತು.

ಅಧ್ಯಕ್ಷರು ಇಳಿಯಲು ತಿರುಗಿದವರು ನಿಂತರು. “ಅಂದ್ಹಾಗೆ ಪೇಂಟ್ರೇ, ನಿಮ್ಮನ್ನ ಊರಲ್ಲಿ ಏನಂತ ಕರೀತಾರೆ ಅಂತ ನನಗೂ ಗೊತ್ತು. ನಮ್ಮ ಹಳೇ ಅಂಗಡಿ ಬೋರ್ಡು ನಿಮ್ಮದೇ. ಎಲ್ಲಾ ಪದರಕ್ಕೂ ಗೆರೆ ಎಳೆದಿದ್ದೀರಿ. ಈ ಕೊನೇದಕ್ಕೆ ಮೇಲುಗಡೆ ಯಾಕೆ ಅಂಚು ಹಾಕಿಲ್ಲ?”

ಉತ್ತರ ಎಲ್ಲರಿಗೂ ಗೊತ್ತಿತ್ತು. ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. ಗೈಡು, ‘ಹೇಳಿ ಭಾವ, ಅದಕ್ಕೆ ಅಂಚೇ ಇಲ್ಲ ಅಂತ ಹೇಳಿ’ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಭಾವ ಸೂರಿನ ಮೇಲಿನ ಕೆಂಪು ಚುಕ್ಕಿಗಳನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ತೋಳು ಹಿಡಿದಿದ್ದ ಕೈಯನ್ನು ನೋಡಿದರು.

“ಹಾಕಬಹುದಿತ್ತು ಸಾರ್,” ಅಂದರು. “ಹತ್ತೋಕೆ ಮನೇಲಿ ಬಿಡ್ತಿಲ್ಲ.”